ಚಾರ್ಟಿನಲ್ಲಿ 6/9 ಇದೆ, ಪೇಪರ್ ಓದಲಾಗುತ್ತಿಲ್ಲ: ಎಎಂಡಿ ಎಷ್ಟು ಮುಂದುವರಿದಿದೆ ಅಂತ ತಿಳಿಯುವುದು ಹೇಗೆ?

ಪ್ರಶ್ನೆ: ನಾವು ಉಡುಪಿ ಹತ್ತಿರದ ಶಂಕರಪುರದವರು. ಅಮ್ಮನಿಗೆ 72 ವರ್ಷ. ಮೂರು ವರ್ಷದ ಹಿಂದೆ ಎರಡೂ ಕಣ್ಣಿನಲ್ಲಿ ಡ್ರೈ ಎಎಂಡಿ (ವಯಸ್ಸಾದಂತೆ ಕಣ್ಣಿನ ಪರದೆಯ ನಡುಭಾಗ ಸವೆಯುವ ಕಾಯಿಲೆ) ಇದೆ ಅಂದರು. ಆರು ತಿಂಗಳಿಗೊಮ್ಮೆ ತೋರಿಸುತ್ತೇವೆ, ಒಮ್ಮೆ ಮಣಿಪಾಲದಲ್ಲಿ, ಒಮ್ಮೆ ಮಂಗಳೂರಿನಲ್ಲಿ. ಬಲಗಣ್ಣಿನ ದೃಷ್ಟಿ ಮೊದಲು 6/9 ಇತ್ತು (ಸರಿ ಕಣ್ಣಿನವರು 9 ಮೀಟರ್‌ನಿಂದ ಓದುವುದನ್ನು 6 ಮೀಟರ್‌ನಿಂದ ಓದುವುದು), ಆಮೇಲೆ 6/12, ಈಗ ಮತ್ತೆ 6/9. ಕಣ್ಣಿನ ಪರದೆಯ ಪದರಗಳನ್ನು ಬೆಳಕಿನಿಂದ ತೋರಿಸುವ ಓಸಿಟಿ ಸ್ಕ್ಯಾನಿನಲ್ಲಿ ಪರದೆಯ ದಪ್ಪ 248 ಇದ್ದದ್ದು 271 ಆಗಿ, ಈ ಸಲ 239 ಬಂದಿದೆ. ಡ್ರೂಸೆನ್ (ಪರದೆಯ ಅಡಿಯ ಹಳದಿ ಗಂಟು) ಕಡಿಮೆಯಾಗಿದೆ ಅಂತ ರಿಪೋರ್ಟಿನಲ್ಲಿ ನೋಡಿ ನಮಗೆ ಖುಷಿಯಾಯಿತು. ಡಾಕ್ಟ್ರು ಮಾತ್ರ "ಸ್ವಲ್ಪ ಮುಂದುವರಿದಿದೆ, ಬಲಗಣ್ಣಿನಲ್ಲಿ ಜಿಎ ಶುರುವಾಗಿದೆ" ಅಂದರು. ಅಮ್ಮ ಪೇಪರ್ ಓದುವುದನ್ನೇ ಬಿಟ್ಟಿದ್ದಾರೆ. ತಲೆಬರಹ ಕೂಡ ಸರಿಯಾಗಿ ಕಾಣುವುದಿಲ್ಲ ಅಂತಾರೆ. ಆದರೆ ಮಾತ್ರೆಯ ಚೀಟಿಯ ಸಣ್ಣ ಅಕ್ಷರ ಓದುತ್ತಾರೆ, ಮಲ್ಲಿಗೆಯನ್ನೂ ಮೊದಲಿನಂತೆ ಕಟ್ಟುತ್ತಾರೆ. ಇದರಲ್ಲಿ ಯಾವುದನ್ನು ನಂಬುವುದು? ಪ್ರತಿ ತಿಂಗಳು ಸ್ಕ್ಯಾನ್ ಮಾಡಿಸಬೇಕಾ? ನನಗೆ 46 ವರ್ಷ, ನಾನೂ ಕಣ್ಣು ತೋರಿಸಬೇಕಾ?

ಉತ್ತರ:

ಮೊದಲು ನಿಮ್ಮ ಅಮ್ಮನ ಪರವಾಗಿ ಒಂದು ಮಾತು. ಅವರು ಹೇಳುತ್ತಿರುವುದು ನಿಜ. ಸಣ್ಣ ಅಕ್ಷರ ಓದುತ್ತಾರೆ, ದೊಡ್ಡದು ಓದಲ್ಲ ಅಂದರೆ ಮನೆಯವರಿಗೆ ಸಂಶಯ ಬರುವುದು ಸಹಜ. ಎಷ್ಟೋ ಮಂದಿ ಅಮ್ಮನನ್ನು ಹೊರಗೆ ಕೂರಿಸಿ ಬಂದು, "ಡಾಕ್ಟ್ರೇ, ಇವರು ಸುಮ್ನೆ ಹೇಳ್ತಿದ್ದಾರಾ?" ಅಂತ ಮೆಲ್ಲ ಕೇಳುತ್ತಾರೆ. ಸುಮ್ನೆ ಅಲ್ಲ. ಈ ಕಾಯಿಲೆಯಲ್ಲಿ ಹಾಗೇ ಆಗುವುದು. ಯಾಕೆ ಅಂತ ತಿಳಿದರೆ, ನಿಮ್ಮ ಫೈಲಿನಲ್ಲಿರುವ ಅಂಕಿಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು ಅನ್ನುವುದೂ ತಿಳಿಯುತ್ತದೆ.

ಕಣ್ಣಿನ ಹಿಂಬದಿಯ ಪರದೆ ರೆಟಿನಾ. ಅದರ ನಡುಭಾಗ ಮ್ಯಾಕ್ಯುಲಾ, ಸುಮಾರು 5.5 ಮಿ.ಮೀ. ಅಗಲ. ಅದರ ನಟ್ಟನಡುವಿನ ಗುಳಿ ಫೋವಿಯಾ, ಸುಮಾರು 1.5 ಮಿ.ಮೀ. ಓದುವುದು, ಮುಖ ಗುರುತಿಸುವುದು, ಸೂಜಿಗೆ ನೂಲು ಹಾಕುವುದು ಎಲ್ಲ ಇಲ್ಲಿಂದಲೇ. ನಿಮ್ಮ ಡಾಕ್ಟ್ರು ಹೇಳಿದ ಜಿಎ ಅಂದರೆ ಜಿಯೋಗ್ರಾಫಿಕ್ ಅಟ್ರೊಫಿ. ಮ್ಯಾಕ್ಯುಲಾದಲ್ಲಿ ಅಲ್ಲಲ್ಲಿ ಜೀವಕೋಶಗಳು ಸತ್ತು ಖಾಲಿ ಜಾಗ ಆಗುವುದು. ಇದು ಎಷ್ಟೋ ಜನರಲ್ಲಿ ಫೋವಿಯಾದ ನಡುವಿನಿಂದ ಶುರುವಾಗುವುದಿಲ್ಲ. ಅದರ ಪಕ್ಕದಿಂದ ಶುರುವಾಗಿ ಸುತ್ತಲೂ ಹಬ್ಬುತ್ತದೆ. ನಡುವಿನ ಒಂದು ಸಣ್ಣ ತುಣುಕು ಮಾತ್ರ ಬಹಳ ದಿನ ಚೆನ್ನಾಗಿಯೇ ಉಳಿದಿರುತ್ತದೆ.

ಈಗ ಒಂದು ಲೆಕ್ಕ ನೋಡಿ. ಚಾರ್ಟಿನ 6/9 ಸಾಲಿನ ಒಂದು ಅಕ್ಷರ ರೆಟಿನಾದ ಮೇಲೆ ಬೀಳುವುದು 0.04 ಮಿ.ಮೀ.ಗಿಂತ ಕಡಿಮೆ ಜಾಗದಲ್ಲಿ. ನಡುವಿನ ತುಣುಕು ಎಷ್ಟೇ ಸಣ್ಣದಿದ್ದರೂ ಅಷ್ಟು ಜಾಗ ಸಿಕ್ಕೇ ಸಿಗುತ್ತದೆ. ಅದೇ 12 ಸೆ.ಮೀ. ಅಗಲದ ಒಂದು ತಲೆಬರಹವನ್ನು 35 ಸೆ.ಮೀ. ದೂರದಲ್ಲಿ ಹಿಡಿದರೆ, ಅದು ರೆಟಿನಾದ ಮೇಲೆ ಹೆಚ್ಚುಕಡಿಮೆ ಇಡೀ ಮ್ಯಾಕ್ಯುಲಾದಷ್ಟೇ ಅಗಲಕ್ಕೆ ಹರಡಿಕೊಳ್ಳುತ್ತದೆ. ನಡುವಿನ ಒಂದು ಅಕ್ಷರ ಕಾಣುತ್ತದೆ, ಆಚೀಚೆಯದು ಖಾಲಿ ಜಾಗಕ್ಕೆ ಬೀಳುತ್ತದೆ. ಹಾಗಾಗಿ ಮಾತ್ರೆಯ ಚೀಟಿ ಓದಲಾಗುತ್ತದೆ, ಉದಯವಾಣಿಯ ಮುಖಪುಟ ಓದಲಾಗುವುದಿಲ್ಲ.

ಕನ್ನಡ ಓದುವವರಿಗೆ ಇನ್ನೊಂದು ತಾಪತ್ರಯ ಇದೆ. ನಮ್ಮ ಒತ್ತಕ್ಷರ ಕೆಳಗೆ ಇರುತ್ತದೆ, ದೀರ್ಘ ಬಲಕ್ಕೆ ಇರುತ್ತದೆ. ನೋಟದ ಕೆಳಭಾಗದಲ್ಲಿ ಖಾಲಿ ಇದ್ದರೆ ಒತ್ತು ಕಾಣೆಯಾಗುತ್ತದೆ. ಬಲಭಾಗದಲ್ಲಿ ಖಾಲಿ ಇದ್ದರೆ ಮುಂದಿನ ಅಕ್ಷರವೇ ಸಿಗುವುದಿಲ್ಲ, ಸಾಲು ತಪ್ಪುತ್ತದೆ. ಅಮ್ಮನ ಹತ್ತಿರ ಕೂತು ನಾಲ್ಕು ಸಾಲು ಗಟ್ಟಿಯಾಗಿ ಓದಿಸಿ. ಎಲ್ಲಿ ತಪ್ಪುತ್ತಾರೆ ಅಂತ ಗಮನಿಸಿದರೆ ಖಾಲಿ ಯಾವ ಕಡೆ ಇದೆ ಅಂತ ನಿಮಗೇ ಅಂದಾಜು ಸಿಗುತ್ತದೆ. ರಿಪೋರ್ಟಿನ ಚಿತ್ರದ ಜೊತೆ ಹೋಲಿಸುವಾಗ ಒಂದು ನೆನಪಿರಲಿ. ರೆಟಿನಾದಲ್ಲಿ ಚಿತ್ರ ತಲೆಕೆಳಗಾಗಿ ಬೀಳುತ್ತದೆ. ರಿಪೋರ್ಟಿನಲ್ಲಿ ಮೇಲ್ಭಾಗ ಹಾಳಾಗಿದ್ದರೆ ಅಮ್ಮನಿಗೆ ಕಾಣದಿರುವುದು ಕೆಳಭಾಗ.

ಮಲ್ಲಿಗೆ ಕಟ್ಟುವುದನ್ನು ದಯವಿಟ್ಟು ಕಣ್ಣಿನ ಪರೀಕ್ಷೆ ಅಂತ ಲೆಕ್ಕಕ್ಕೆ ಹಿಡಿಯಬೇಡಿ. ನಿಮ್ಮ ಊರಿನ ಹೆಂಗಸರು ಟಿವಿ ನೋಡುತ್ತಾ, ಮಾತಾಡುತ್ತಾ ಕಟ್ಟುತ್ತಾರೆ, ಅಲ್ವಾ? ಆ ಕೆಲಸವನ್ನು ಬೆರಳು ಮಾಡುತ್ತದೆ. ನಲವತ್ತು ಐವತ್ತು ವರ್ಷದ ಅಭ್ಯಾಸದ ಕೆಲಸಗಳೆಲ್ಲ ದೃಷ್ಟಿ ಕಡಿಮೆಯಾದದ್ದನ್ನು ಮುಚ್ಚಿಡುತ್ತವೆ. ಕೇಳುವುದಾದರೆ ಬಾಡಿದ ಮೊಗ್ಗು ಆರಿಸಿ ತೆಗೆಯುವುದು ಮೊದಲಿನಷ್ಟು ಸುಲಭವಾ ಅಂತ ಕೇಳಿ. ಅದಕ್ಕೆ ಕಣ್ಣೇ ಬೇಕು.

ಇನ್ನು ಚಾರ್ಟಿನ ಅಂಕಿ. 6/9, 6/12, ಮತ್ತೆ 6/9. ಇದರಲ್ಲಿ ನನಗೆ ಏರಿಕೆಯೂ ಕಾಣುವುದಿಲ್ಲ, ಇಳಿಕೆಯೂ ಕಾಣುವುದಿಲ್ಲ. ಒಂದು ಸಾಲಿನ ವ್ಯತ್ಯಾಸಕ್ಕೆ ಎಷ್ಟೋ ಕಾರಣ ಇರುತ್ತದೆ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಂದು ಕಣ್ಣು ಒಣಗಿರಬಹುದು. ಡ್ರಾಪ್ಸ್ ಹಾಕಿ ಪಾಪೆ ದೊಡ್ಡದಾದ ಮೇಲೆ ಓದಿಸಿರಬಹುದು. ಹಳೆ ಕನ್ನಡಕದಲ್ಲೇ ನೋಡಿರಬಹುದು. ಕೆಲವರಿಗೆ ಚಾರ್ಟ್ ಬಾಯಿಪಾಠ ಆಗಿರುತ್ತದೆ, ಇನ್ನು ಕೆಲವರಿಗೆ ಹಿಂದೆ ನಿಂತ ಮಗಳು ಅಕ್ಷರ ಹೇಳಿಕೊಡುತ್ತಾಳೆ. ಜಿಎ ಇರುವ ಕಣ್ಣಿನಲ್ಲಿ ಇವೆಲ್ಲದರ ಮೇಲೆ ಇನ್ನೊಂದು ಸೇರುತ್ತದೆ. ಅಕ್ಷರವನ್ನು ಆ ಸಣ್ಣ ತುಣುಕಿಗೆ ತಂದು ನಿಲ್ಲಿಸಬೇಕು. ಒಂದು ದಿನ ಬೇಗ ಸಿಗುತ್ತದೆ, ಇನ್ನೊಂದು ದಿನ ಸಿಗುವುದಿಲ್ಲ. ಅವಸರ ಮಾಡಿದರೆ ಖಂಡಿತ ಸಿಗುವುದಿಲ್ಲ.

ನಮ್ಮ ಹೆಚ್ಚಿನ ಓಪಿಡಿಗಳಲ್ಲಿ ಗೋಡೆಯ ಮೇಲಿರುವುದು ಸ್ನೆಲೆನ್ ಚಾರ್ಟ್. ಮೇಲಿನ ಸಾಲಿನಲ್ಲಿ ಒಂದೇ ಅಕ್ಷರ, ಕೆಳಗೆ ಬಂದಂತೆ ಜಾಸ್ತಿ. ಸಾಲಿನಿಂದ ಸಾಲಿಗೆ ಅಳತೆ ಇಳಿಯುವುದೂ ಒಂದೇ ಸಮ ಇಲ್ಲ. ಕನ್ನಡಕದ ನಂಬರ್ ನೋಡಲು ಇದು ಸಾಕು. ವರ್ಷಗಟ್ಟಲೆ ಒಂದು ಕಾಯಿಲೆಯ ಬೆನ್ನು ಹತ್ತಲು ಸಾಲದು. ಸಂಶೋಧನೆಗೆ ಬಳಸುವುದು ಇಟಿಡಿಆರ್‌ಎಸ್ ಚಾರ್ಟ್. ಪ್ರತಿ ಸಾಲಿನಲ್ಲೂ 5 ಅಕ್ಷರ, ಒಟ್ಟು 14 ಸಾಲು, 4 ಮೀಟರ್ ದೂರ. ಎಷ್ಟು ಅಕ್ಷರ ಸರಿ ಓದಿದರು ಅಂತ ಎಣಿಸುತ್ತಾರೆ. 15 ಅಕ್ಷರ, ಅಂದರೆ ಮೂರು ಸಾಲು ಕಡಿಮೆಯಾಯಿತು ಅಂದರೆ ಮೊದಲಿಗಿಂತ ಎರಡು ಪಟ್ಟು ದೊಡ್ಡ ಅಕ್ಷರ ಬೇಕಾಗಿದೆ ಅಂತ ಅರ್ಥ. ನಿಮ್ಮ ಆಸ್ಪತ್ರೆಯಲ್ಲಿ ಈ ಚಾರ್ಟ್ ಇದ್ದರೆ ವರ್ಷಕ್ಕೊಮ್ಮೆಯಾದರೂ ಅದರಲ್ಲಿ ಓದಿಸಲು ಕೇಳಿ. ಮ್ಯಾಕ್ಯುಲಾ ಕಾಯಿಲೆ ಇರುವ ಕಣ್ಣಿನಲ್ಲಿ ಎರಡು ಸಾಲಿಗಿಂತ ಕಡಿಮೆ ವ್ಯತ್ಯಾಸ ಒಂದೇ ಭೇಟಿಯಲ್ಲಿ ಕಂಡರೆ ನಾನಂತೂ ಅದನ್ನು ನಂಬುವುದಿಲ್ಲ. ಮುಂದಿನ ಸಲವೂ ಹಾಗೇ ಬಂದರೆ ನಂಬುತ್ತೇನೆ.

72 ವರ್ಷ ಅಂದರೆ ಕಣ್ಣಿನ ಪೊರೆಯೂ ಅಷ್ಟಿಷ್ಟು ಇರುತ್ತದೆ. ಪೊರೆ ಬಲಿತರೆ ಚಾರ್ಟಿನಲ್ಲಿ ದೃಷ್ಟಿ ಇಳಿಯುತ್ತದೆ, ರೆಟಿನಾ ಇದ್ದ ಹಾಗೇ ಇರುತ್ತದೆ. ಪೊರೆ ತೆಗೆಸಿದರೆ ದೃಷ್ಟಿ ಏರುತ್ತದೆ, ರೆಟಿನಾ ಒಳಗೊಳಗೇ ಸವೆಯುತ್ತಿರಬಹುದು. ಚಾರ್ಟ್ ಒಂದನ್ನೇ ನಂಬಿದರೆ ಎರಡೂ ಸಲ ಮೋಸ ಹೋಗುತ್ತೇವೆ.

ಓಸಿಟಿಯ 248, 271, 239ಕ್ಕೆ ಬರೋಣ. ಇವು ಮೈಕ್ರಾನ್‌ಗಳು. ಒಂದು ಮಿ.ಮೀ.ನ ಸಾವಿರದಲ್ಲಿ ಒಂದು ಪಾಲು ಅಂದರೆ ಒಂದು ಮೈಕ್ರಾನ್. ಮ್ಯಾಕ್ಯುಲಾದ ನಡುವಿನ 1 ಮಿ.ಮೀ. ಅಗಲದ ವೃತ್ತದೊಳಗೆ ರೆಟಿನಾದ ದಪ್ಪ ಸರಾಸರಿ ಎಷ್ಟು ಅನ್ನುವುದೇ ಈ ಅಂಕಿ. ಮೇಲಿನ ಗೆರೆಯಿಂದ ಕೆಳಗಿನ ಗೆರೆಯವರೆಗೆ ಮಷಿನ್ ಅಳೆಯುತ್ತದೆ. ತೊಂದರೆ ಏನೆಂದರೆ, ಕೆಳಗಿನ ಗೆರೆಯನ್ನು ಎಲ್ಲಿ ಎಳೆಯಬೇಕು ಅನ್ನುವುದರಲ್ಲಿ ಕಂಪನಿ ಕಂಪನಿಗೆ ವ್ಯತ್ಯಾಸ ಇದೆ. ಅದೇ ದಿನ, ಅದೇ ಕಣ್ಣಿಗೆ, ಎರಡು ಕಂಪನಿಯ ಮಷಿನ್‌ನಲ್ಲಿ ಹತ್ತಿಪ್ಪತ್ತು ಮೈಕ್ರಾನ್ ಹೆಚ್ಚುಕಡಿಮೆ ಬರುವುದು ಮಾಮೂಲು. ಒಂದು ಹಳೇ ಕಾಲದ ಮಷಿನ್, ಇನ್ನೊಂದು ಹೊಸದು ಆಗಿದ್ದರೆ 60-70 ಮೈಕ್ರಾನ್ ಕೂಡ ಬರುತ್ತದೆ. ನೀವು ಒಮ್ಮೆ ಮಣಿಪಾಲ, ಒಮ್ಮೆ ಮಂಗಳೂರು ಅಂತ ಹೋಗಿದ್ದೀರಿ. ಹಾಗಾಗಿ ನಿಮ್ಮ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಏರಿತು, ಇಳಿಯಿತು ಅನ್ನುವ ಹಾಗೆಯೇ ಇಲ್ಲ. ಎರಡೂ ಕಡೆ ಒಳ್ಳೆಯ ಡಾಕ್ಟ್ರು ಇದ್ದಾರೆ, ಆ ಪ್ರಶ್ನೆಯೇ ಇಲ್ಲ. ಒಂದು ಕಡೆ ಹಿಡಿದು ಅಲ್ಲೇ ತೋರಿಸಿ. ಅಲ್ಲಿ ಎರಡು ಮಷಿನ್ ಇದ್ದರೆ ಹಿಂದಿನ ಸಲದ ಮಷಿನ್‌ನಲ್ಲೇ ಮಾಡಿ ಅಂತ ಕೇಳಿ. ಈಗಿನ ಒಳ್ಳೆಯ ಮಷಿನ್‌ಗಳಲ್ಲಿ ಫಾಲೋ ಅಪ್ ಅಂತ ಒಂದು ವ್ಯವಸ್ಥೆ ಇದೆ. ಹಿಂದಿನ ಸಲ ಯಾವ ಜಾಗದಲ್ಲಿ ಗೆರೆ ಹಾಯಿಸಿತ್ತೋ ರಕ್ತನಾಳದ ಗುರುತು ಹಿಡಿದು ಅದೇ ಜಾಗದಲ್ಲಿ ಮತ್ತೆ ಹಾಯಿಸುತ್ತದೆ. ಹೋಲಿಕೆಗೆ ಅರ್ಥ ಬರುವುದು ಆಗ.

ಅಂಕಿಯ ಪಕ್ಕದಲ್ಲೇ ಸಿಗ್ನಲ್ ಎಷ್ಟಿದೆ ಅಂತಲೂ ಇರುತ್ತದೆ. ಕೆಲವು ಮಷಿನ್‌ಗಳಲ್ಲಿ 10ಕ್ಕೆ ಇಷ್ಟು ಅಂತ ಕೊಡುತ್ತದೆ. 6ಕ್ಕಿಂತ ಕಡಿಮೆ ಇದ್ದರೆ ಆ ದಪ್ಪದ ಅಂಕಿಯನ್ನು ನಾನು ಓದುವುದೇ ಇಲ್ಲ, ಬರೀ ಚಿತ್ರ ನೋಡುತ್ತೇನೆ. ಚಿತ್ರದ ಮೇಲೆ ಮಷಿನ್ ಎಳೆದ ಬಣ್ಣದ ಗೆರೆಯನ್ನು ನೀವೂ ಒಮ್ಮೆ ನೋಡಿ. ಪದರದ ಜೊತೆಗೇ ಸಾಗುತ್ತಿದೆಯಾ, ಅಥವಾ ಡ್ರೂಸೆನ್ ಇರುವಲ್ಲಿ ಪದರ ಬಿಟ್ಟು ಹಾರಿದೆಯಾ? ಹಾರಿದ್ದರೆ ಅಂಕಿ ತಪ್ಪು. ಇನ್ನೊಂದು ಸಣ್ಣ ವಿಷಯ: ರಿಪೋರ್ಟನ್ನು ಕಪ್ಪುಬಿಳುಪು ಝೆರಾಕ್ಸ್ ಮಾಡಿಸಿ ಫೈಲಿಗೆ ಹಾಕಿ ತರುವವರು ತುಂಬ ಮಂದಿ. ಅದರಿಂದ ಏನೂ ಉಪಯೋಗ ಇಲ್ಲ. ಪೆನ್‌ಡ್ರೈವ್‌ನಲ್ಲಿ ಎಲ್ಲ ಚಿತ್ರ ಕೊಡಿ ಅಂತ ಕೇಳಿ. ಪ್ರಿಂಟಿನಲ್ಲಿ ಬರುವುದು ಹತ್ತಾರು ಚಿತ್ರಗಳಲ್ಲಿ ಒಂದೋ ಎರಡೋ ಮಾತ್ರ.

ಈಗ ನಿಮ್ಮ ಖುಷಿಯ ವಿಷಯ. ಡ್ರೂಸೆನ್ ಕಡಿಮೆಯಾಗಿದೆ ಅಂದರೆ ಒಳ್ಳೆಯದೇ ಆಗಬೇಕಲ್ಲ? ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ.

ಡ್ರೂಸೆನ್ ಅಂದರೆ ರೆಟಿನಾದ ತಳದಲ್ಲಿರುವ ಬಣ್ಣದ ಪದರದ ಅಡಿಯಲ್ಲಿ ಸೇರುವ ಹಳದಿ ಗಂಟು. 63 ಮೈಕ್ರಾನ್‌ಗಿಂತ ಸಣ್ಣದು ವಯಸ್ಸಾದ ಯಾರಿಗಾದರೂ ಬರಬಹುದು, ಅದನ್ನು ಕಾಯಿಲೆ ಅನ್ನುವುದಿಲ್ಲ. 63ರಿಂದ 125ರ ನಡುವೆ ಇದ್ದರೆ ಶುರುವಿನ ಹಂತ. 125 ದಾಟಿದರೆ, ಅಥವಾ ಬಣ್ಣದ ಪದರದಲ್ಲಿ ಏರುಪೇರು ಕಂಡರೆ, ಮಧ್ಯದ ಹಂತ. ಕಣ್ಣಿನ ನರ ಹೊರಡುವ ಜಾಗದ ಅಂಚಿನಲ್ಲಿ ದಪ್ಪ ರಕ್ತನಾಳವೊಂದರ ಅಗಲ ಹೆಚ್ಚುಕಡಿಮೆ 125 ಮೈಕ್ರಾನ್ ಇರುತ್ತದೆ. ಡಾಕ್ಟ್ರು ಲೆನ್ಸ್ ಹಿಡಿದು ನೋಡುವಾಗ ಅದೇ ಅವರ ಅಳತೆಕೋಲು. ಡ್ರೂಸೆನ್ ವರ್ಷ ವರ್ಷ ದೊಡ್ಡದಾಗುತ್ತದೆ, ಒಂದಕ್ಕೊಂದು ಸೇರಿಕೊಳ್ಳುತ್ತದೆ. ಅದರ ಮೇಲಿನ ಪದರ ಎಷ್ಟು ದಿನ ಜೀವಂತ ಇರುತ್ತದೋ ಅಷ್ಟು ದಿನ ಗಂಟು ನಿಲ್ಲುತ್ತದೆ. ಆ ಪದರ ಸೋತರೆ ಗಂಟು ಕುಸಿಯುತ್ತದೆ. ಸ್ಕ್ಯಾನಿನಲ್ಲಿ ಉಬ್ಬು ಮಾಯ. ದಪ್ಪದ ಅಂಕಿಯೂ ಇಳಿಯುತ್ತದೆ. ನಿಮ್ಮ 239ರಲ್ಲಿ ಇದರ ಪಾಲೂ ಇರಬಹುದು.

ಕುಸಿದ ಮೇಲೆ ಆ ಜಾಗ ಹೇಗಿದೆ ಅನ್ನುವುದು ಮುಖ್ಯ. ಓಸಿಟಿಯಲ್ಲಿ ನಾವು ಹುಡುಕುವುದು ಬೆಳಕಿನ ಪಟ್ಟಿಯನ್ನು. ಬಣ್ಣದ ಪದರ ಸರಿ ಇದ್ದರೆ ಮಷಿನ್‌ನ ಬೆಳಕನ್ನು ಅಲ್ಲೇ ತಡೆಯುತ್ತದೆ, ಅದರ ಕೆಳಗೆ ಮಬ್ಬು. ಪದರ ಹೋಗಿದ್ದರೆ ಬೆಳಕು ನೇರ ಕೆಳಗೆ ನುಗ್ಗಿ ಅಷ್ಟುದ್ದ ಬೆಳ್ಳಗೆ ಕಾಣುತ್ತದೆ. ಬಣ್ಣದ ಪದರವೂ ಮೇಲಿನ ನೋಡುವ ಕೋಶಗಳೂ ಹೋಗಿ, ಈ ಪಟ್ಟಿ 250 ಮೈಕ್ರಾನ್ ಮುಟ್ಟಿದರೆ ಪೂರ್ತಿ ಸವೆತ ಅಂತ ಕರೆಯುತ್ತಾರೆ. ನಿಮ್ಮ ಡಾಕ್ಟ್ರು ಜಿಎ ಅಂದದ್ದು ಬಹುಶಃ ಇದನ್ನು ನೋಡಿಯೇ. ಅಪರೂಪಕ್ಕೆ ಡ್ರೂಸೆನ್ ಹಾನಿ ಮಾಡದೆ ಕರಗುವುದೂ ಉಂಟು. ಆದರೆ ಡ್ರೂಸೆನ್ ಕಡಿಮೆ ಆಯಿತು, ಜಿಎ ಬಂತು ಅಂತ ಎರಡೂ ಒಂದೇ ಸಲ ಹೇಳಿದ್ದಾರೆ ಅಂದರೆ ನಿಮ್ಮ ಡಾಕ್ಟ್ರ ಮಾತೇ ಸರಿ.

ಜಿಎ ಶುರುವಾದ ಮೇಲೆ ಅಳೆಯುವ ಕ್ರಮವೇ ಬೇರೆ. ಇನ್ನು ದಪ್ಪ ಬಿಡಿ, ಜಾಗ ಅಳೆಯಬೇಕು. ಇದಕ್ಕೆ ಆಟೋಫ್ಲೋರೆಸೆನ್ಸ್ ಅಂತ ಒಂದು ಫೋಟೋ ಇದೆ. ಇಂಜೆಕ್ಷನ್ ಇಲ್ಲ, ಬಣ್ಣ ಹಾಕುವುದಿಲ್ಲ, ಎರಡು ನಿಮಿಷದ ಕೆಲಸ. ಜೀವ ಇರುವ ಬಣ್ಣದ ಪದರ ನೀಲಿ ಬೆಳಕಿಗೆ ಮಿನುಗುತ್ತದೆ, ಸತ್ತ ಜಾಗ ಕಪ್ಪಾಗಿ ಕಾಣುತ್ತದೆ. ಕಪ್ಪು ಜಾಗದ ಅಂಚು ಹಿಡಿದು ಎಷ್ಟು ಚದರ ಮಿ.ಮೀ. ಅಂತ ಅಳೆಯಬಹುದು. ದೊಡ್ಡ ಅಧ್ಯಯನಗಳಲ್ಲಿ ಸರಾಸರಿ ಬೆಳವಣಿಗೆ ವರ್ಷಕ್ಕೆ 1.5ರಿಂದ 2 ಚದರ ಮಿ.ಮೀ. ಸುತ್ತಮುತ್ತ ಬಂದಿದೆ. ಆದರೆ ಈ ಸರಾಸರಿಯನ್ನು ಅಮ್ಮನಿಗೆ ಅಂಟಿಸಬೇಡಿ. ಕೆಲವರಲ್ಲಿ ವರ್ಷಗಟ್ಟಲೆ ಅಲುಗುವುದಿಲ್ಲ, ಕೆಲವರಲ್ಲಿ ಓಡುತ್ತದೆ. ಕಪ್ಪು ಜಾಗದ ಅಂಚಿನಲ್ಲಿ ಜಾಸ್ತಿ ಹೊಳಪು ಇದ್ದರೆ, ಹಲವು ತುಂಡುಗಳಿದ್ದರೆ, ಓಡುವ ಸಂಭವ ಜಾಸ್ತಿ.

ಮತ್ತೆ ಈ ಚದರ ಮಿ.ಮೀ. ಲೆಕ್ಕವೂ ಸ್ವಲ್ಪ ಹೆದರಿಸುತ್ತದೆ. ನಮ್ಮ ಮಳೆಗಾಲದಲ್ಲಿ ಗೋಡೆಗೆ ತೇವದ ಕಲೆ ಬೀಳುತ್ತದಲ್ಲ, ಅದು ಹಬ್ಬುವುದು ಅಂಚಿನಿಂದ. ಜಿಎ ಕೂಡ ಹಾಗೇ. 0.5 ಮಿ.ಮೀ. ತ್ರಿಜ್ಯದ ಒಂದು ಸಣ್ಣ ದುಂಡು ಕಲೆ ಇದೆ ಅಂದುಕೊಳ್ಳಿ. ಒಂದು ವರ್ಷದಲ್ಲಿ ಅಂಚು ಎಲ್ಲ ಕಡೆ 0.15 ಮಿ.ಮೀ. ಮುಂದೆ ಹೋಯಿತು. ವಿಸ್ತೀರ್ಣ 0.79ರಿಂದ 1.33ಕ್ಕೆ ಏರಿತು, ಅಂದರೆ 0.54 ಜಾಸ್ತಿ. ಈಗ 1.5 ಮಿ.ಮೀ. ತ್ರಿಜ್ಯದ ದೊಡ್ಡ ಕಲೆಯ ಅಂಚೂ ಅಷ್ಟೇ 0.15 ಹೋಯಿತು ಅನ್ನಿ. ವಿಸ್ತೀರ್ಣ 7.07ರಿಂದ 8.55ಕ್ಕೆ ಏರುತ್ತದೆ, 1.48 ಜಾಸ್ತಿ. ಅಂಚಿನ ವೇಗ ಒಂದೇ, ರಿಪೋರ್ಟಿನಲ್ಲಿ ಮಾತ್ರ ಸುಮಾರು ಮೂರು ಪಟ್ಟು ವೇಗ ಬಂದ ಹಾಗೆ ಕಾಣುತ್ತದೆ. ಅದಕ್ಕೇ ಸಂಶೋಧಕರು ವಿಸ್ತೀರ್ಣದ ವರ್ಗಮೂಲ ತೆಗೆದು ಹೋಲಿಸುತ್ತಾರೆ. ಮುಂದಿನ ವರ್ಷ ಅಮ್ಮನ ರಿಪೋರ್ಟ್ ನೋಡಿ "ಈ ಸಲ ಜಾಸ್ತಿ ಆಯಿತು" ಅಂತ ಗಾಬರಿಯಾಗುವ ಮೊದಲು ಎರಡೂ ವರ್ಷದ ವರ್ಗಮೂಲ ತೆಗೆದು ನೋಡಿ. ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲೇ ಬರುತ್ತದೆ.

ಆದರೂ ನನ್ನನ್ನು ಕೇಳಿದರೆ, ನಿಮ್ಮ ಅಮ್ಮನ ಬಲಗಣ್ಣಿಗೆ ವಿಸ್ತೀರ್ಣಕ್ಕಿಂತ ದೊಡ್ಡ ಅಂಕಿ ಇನ್ನೊಂದಿದೆ: ಕಪ್ಪು ಅಂಚಿನಿಂದ ಫೋವಿಯಾದ ನಡುವಿಗೆ ಎಷ್ಟು ದೂರ ಉಳಿದಿದೆ? ಹೊರಬದಿಗೆ 2 ಚದರ ಮಿ.ಮೀ. ಹೋದರೂ ಅಮ್ಮನಿಗೆ ಅಷ್ಟಾಗಿ ಗೊತ್ತಾಗದಿರಬಹುದು. ಒಳಬದಿಗೆ ಅದರ ಹತ್ತನೇ ಒಂದು ಪಾಲು ಬಂದರೆ ಮಾತ್ರೆಯ ಚೀಟಿಯೂ ಹೋಗುತ್ತದೆ. ಮುಂದಿನ ಭೇಟಿಯಲ್ಲಿ ಈ ದೂರವನ್ನು ಅಳೆದು ಫೈಲಿನಲ್ಲಿ ಬರೆಸಿಕೊಳ್ಳಿ.

ಫೋಟೋದ ಅಳತೆ ಬೇರೆ, ಬದುಕಿನ ಅಳತೆ ಬೇರೆ ಅನ್ನುವ ಜಗಳ ದೊಡ್ಡವರ ಮಟ್ಟದಲ್ಲೂ ನಡೆದಿದೆ. ಪೆಗ್‌ಸೆಟಕೋಪ್ಲಾನ್ ಅನ್ನುವ ಇಂಜೆಕ್ಷನ್ ಜಿಎ ಬೆಳೆಯುವ ವೇಗವನ್ನು ತಗ್ಗಿಸುತ್ತದೆ ಅಂತ ಅಮೆರಿಕದ ಔಷಧ ಸಂಸ್ಥೆ ಎಫ್‌ಡಿಎ 2023ರ ಫೆಬ್ರವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಎರಡು ವರ್ಷದಲ್ಲಿ ತಗ್ಗಿದ್ದು ಸುಮಾರು ಐದನೇ ಒಂದು ಪಾಲು. ಆದರೆ ಚಾರ್ಟ್ ಓದುವುದರಲ್ಲಿ ಇಂಜೆಕ್ಷನ್ ತಗೊಂಡವರಿಗೂ ತಗೊಳ್ಳದವರಿಗೂ ವ್ಯತ್ಯಾಸ ಕಾಣಲಿಲ್ಲ. ಅದೇ ದಾಖಲೆ ನೋಡಿ ಯುರೋಪಿನ ಔಷಧ ಸಂಸ್ಥೆ 2024ರಲ್ಲಿ ಬೇಡ ಅಂದಿತು. ಕಲೆ ನಿಧಾನವಾಗಿ ಬೆಳೆದರೆ ರೋಗಿಯ ದಿನನಿತ್ಯದ ಕೆಲಸಕ್ಕೆ ಏನು ಸಿಕ್ಕಿತು ಅಂತ ಅವರ ಪ್ರಶ್ನೆ. ನನಗೆ ಎರಡೂ ಕಡೆಯ ವಾದದಲ್ಲಿ ಹುರುಳು ಕಾಣುತ್ತದೆ. ಕಣ್ಣೊಳಗೆ ತಿಂಗಳಿಗೋ ಎರಡು ತಿಂಗಳಿಗೋ ಒಂದು ಸೂಜಿ, ಅದರಿಂದ ಹೋದದ್ದು ಮರಳುವುದಿಲ್ಲ. ವಾಟ್ಸ್ಯಾಪ್‌ನಲ್ಲಿ "ಡ್ರೈ ಎಎಂಡಿಗೆ ಔಷಧಿ ಬಂತು" ಅಂತ ಬಂದರೆ ಇಷ್ಟು ನೆನಪಿಟ್ಟುಕೊಳ್ಳಿ.

ಹಾಗಾದರೆ ದಿನನಿತ್ಯದ ನೋಟವನ್ನು ಅಳೆಯುವುದು ಹೇಗೆ? ಆಸ್ಪತ್ರೆಯಲ್ಲಿ ಕೆಲವು ಪರೀಕ್ಷೆ ಇವೆ. ಬೆಳಕನ್ನು ನೂರನೇ ಒಂದು ಪಾಲಿಗೆ ಇಳಿಸುವ ಕಪ್ಪು ಫಿಲ್ಟರ್ ಇಟ್ಟು ಅದೇ ಚಾರ್ಟ್ ಓದಿಸುವುದು ಒಂದು. ಮಾಮೂಲಿ ಬೆಳಕಿನಲ್ಲಿ ಚೆನ್ನಾಗಿ ಓದಿ, ಮಬ್ಬಿನಲ್ಲಿ ತುಂಬ ಸಾಲು ಕಳೆದುಕೊಂಡರೆ, ಅಂಥ ಜಿಎ ಕಣ್ಣಿನಲ್ಲಿ ಮುಂದೆ ದೃಷ್ಟಿ ಬೇಗ ಇಳಿಯುವ ಸಂಭವ ಜಾಸ್ತಿ ಅಂತ ಗೊತ್ತಾಗಿದೆ. ಮೈಕ್ರೋಪೆರಿಮೆಟ್ರಿ ಅಂತ ಇನ್ನೊಂದು. ಮ್ಯಾಕ್ಯುಲಾದ ಯಾವ ಚುಕ್ಕೆಗೆ ಎಷ್ಟು ಬೆಳಕು ಬೇಕು ಅಂತ ಒಂದೊಂದಾಗಿ ನೋಡುತ್ತದೆ. ಇದು ಎಲ್ಲ ಕಡೆ ಇರುವುದಿಲ್ಲ, ವಯಸ್ಸಾದವರಿಗೆ ಸುಸ್ತೂ ಆಗುತ್ತದೆ.

ಮಬ್ಬಿನ ಪರೀಕ್ಷೆಯನ್ನು ನೀವು ಉಡುಪಿಯಲ್ಲೇ ಮಾಡಬಹುದು. ರಥಬೀದಿಯ ಬಿಸಿಲಿನಿಂದ ಕೃಷ್ಣಮಠದ ಒಳಗೆ ಹೋದಾಗ ಅಮ್ಮನಿಗೆ ಹೆಜ್ಜೆ ಇಡಲು ಧೈರ್ಯ ಬರಲು ಎಷ್ಟು ಹೊತ್ತು ಬೇಕು? ಕಿಂಡಿಯ ಮುಂದೆ ನಿಂತಾಗ ದೇವರು ಕಾಣುತ್ತಾರಾ, ದೀಪ ಮಾತ್ರ ಕಾಣುತ್ತದಾ? ಮೊದಲೆಲ್ಲ ಹೇಗಿತ್ತು? ಬೆಳಕಿನಿಂದ ಕತ್ತಲಿಗೆ ಹೊಂದಿಕೊಳ್ಳುವುದು ತಡವಾಗುವುದು ಈ ಕಾಯಿಲೆಯಲ್ಲಿ ಚಾರ್ಟಿಗಿಂತ ಮೊದಲೇ ಶುರುವಾಗುತ್ತದೆ. ಅಮ್ಮಂದಿರು ಅದನ್ನು ಕಣ್ಣಿನ ತೊಂದರೆ ಅಂತ ಹೇಳುವುದಿಲ್ಲ. ತುಳುವಿನಲ್ಲಿ "ಸಮ ತೋಜುಜಿ" (ಸರಿ ಕಾಣುವುದಿಲ್ಲ) ಅಂತ ಒಂದು ಮಾತು, ಅಷ್ಟೇ.

ಮನೆಯಲ್ಲಿ ಎರಡು ಕೆಲಸ ಮಾಡಿ. ಮೊದಲನೆಯದು ಓದಿನ ವೇಗ. ತಿಂಗಳಿಗೊಮ್ಮೆ, ಅದೇ ಕುರ್ಚಿ, ಅದೇ ಲೈಟು, ಅದೇ ಕನ್ನಡಕ. ಪೇಪರಿನ ಒಳಪುಟದ ಸುದ್ದಿಯನ್ನು ಒಂದು ನಿಮಿಷ ಗಟ್ಟಿಯಾಗಿ ಓದಲಿ. ಪ್ರತಿ ಸಲ ಹೊಸ ಸುದ್ದಿ, ಅಕ್ಷರದ ಗಾತ್ರ ಮಾತ್ರ ಅದೇ. ಪದ ಎಣಿಸಬೇಡಿ, ನಮ್ಮ ಪದಗಳು ಒಂದು ಗಿಡ್ಡ, ಒಂದು ಉದ್ದ. ಅಕ್ಷರ ಎಣಿಸಿ. ತಾರೀಕು ಹಾಕಿ ಬರೆದಿಡಿ. ಲೈಟಿನ ಬಗ್ಗೆ ಒತ್ತಿ ಹೇಳುತ್ತೇನೆ. ಜೂನ್, ಜುಲೈಯಲ್ಲಿ "ಕಣ್ಣು ಒಮ್ಮೆಲೇ ಕಡಿಮೆ ಆಯ್ತು" ಅಂತ ಬರುವವರು ನಮ್ಮಲ್ಲಿ ಜಾಸ್ತಿ. ರೆಟಿನಾ ನೋಡಿದರೆ ಹಾಗೇ ಇರುತ್ತದೆ. ಮಾರ್ಚ್‌ನಲ್ಲಿ ಜಗಲಿಯ ಬೆಳಕಿನಲ್ಲಿ ಓದಿದವರು ಈಗ ಮೋಡದ ಮಬ್ಬಿನಲ್ಲಿ ಓದುತ್ತಿರುತ್ತಾರೆ. ಹಾಗಾಗಿ ಕಿಟಕಿ ಮುಚ್ಚಿ, ಟೇಬಲ್ ಲ್ಯಾಂಪ್ ಹಾಕಿಯೇ ಅಳೆಯಿರಿ. ಆ ಲ್ಯಾಂಪ್ ಆಮೇಲೂ ಇರಲಿ, ಅಮ್ಮ ಮತ್ತೆ ಪೇಪರ್ ಹಿಡಿದರೂ ಹಿಡಿಯಬಹುದು.

ಎರಡನೆಯದು ಆಮ್ಸ್ಲರ್ ಗ್ರಿಡ್, ಚೌಕುಳಿ ಹಾಳೆ. ಸ್ವಿಟ್ಜರ್ಲೆಂಡಿನ ಮಾರ್ಕ್ ಆಮ್ಸ್ಲರ್ ಎಂಬ ಕಣ್ಣಿನ ಡಾಕ್ಟ್ರು ಬಳಕೆಗೆ ತಂದದ್ದು. 10 ಸೆ.ಮೀ. ಚೌಕ, ಅದರಲ್ಲಿ 5 ಮಿ.ಮೀ.ನ ಮನೆಗಳು, ನಡುವೆ ಒಂದು ಚುಕ್ಕೆ. 30 ಸೆ.ಮೀ. ದೂರ ಹಿಡಿದು, ಓದುವ ಕನ್ನಡಕ ಹಾಕಿ, ಒಂದು ಕಣ್ಣು ಪೂರ್ತಿ ಮುಚ್ಚಿ ನಡುವಿನ ಚುಕ್ಕೆ ನೋಡಬೇಕು. ಎರಡೂ ಕಣ್ಣು ಬಿಟ್ಟು ನೋಡಿ "ಸರಿ ಉಂಟು" ಅನ್ನುವವರೇ ಜಾಸ್ತಿ. ಫೋನಿನಲ್ಲಿ ಬಂದ ಚಿತ್ರ ಸಾಲದು, ಅಳತೆ ಸರಿ ಇರುವುದಿಲ್ಲ. ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ನೋಡಿಕೊಳ್ಳಿ. ಇದು ಜಿಎ ಎಷ್ಟು ಬೆಳೆಯಿತು ಅಂತ ಅಳೆಯುವುದಕ್ಕಲ್ಲ, ಖಾಲಿ ಜಾಗವನ್ನು ಮೆದುಳು ತಾನೇ ತುಂಬಿಸಿಕೊಂಡು ಬಿಡುತ್ತದೆ. ಹೊಸದಾಗಿ ಗೆರೆ ಸೊಟ್ಟ ಆಯಿತಾ ಅಂತ ನೋಡುವುದಕ್ಕೆ. ವಾರಕ್ಕೆ ಒಂದೆರಡು ಸಲ ಸಾಕು. ಹಾಳೆ ಕಳೆದುಹೋದರೆ ಕಿಟಕಿಯ ಸರಳು, ಬಚ್ಚಲಿನ ಟೈಲ್ಸ್ ಇದ್ದೇ ಇದೆ.

ಸೊಟ್ಟ ಗೆರೆಗೆ ಇಷ್ಟು ಮಹತ್ವ ಯಾಕೆ ಅಂದರೆ, ಡ್ರೈ ಇದ್ದದ್ದು ವೆಟ್ ಆಗಬಹುದು. ಕೆಳಗಿನಿಂದ ಹೊಸ ರಕ್ತನಾಳ ಬೆಳೆದು ನೀರು, ರಕ್ತ ಸೋರುತ್ತದೆ. ಇದು ದಿನಗಳ ಲೆಕ್ಕದಲ್ಲಿ ಮುಂದುವರಿಯುತ್ತದೆ. ಇದಕ್ಕೆ ಕಣ್ಣಿನ ಇಂಜೆಕ್ಷನ್ ಇದೆ, ಬೇಗ ಬಂದಷ್ಟು ಒಳ್ಳೆಯದು. ಗೆರೆ ಸೊಟ್ಟ ಕಂಡರೆ, ಮುಖದ ಅರ್ಧ ವಕ್ರ ಕಂಡರೆ, ನಡುವೆ ಹೊಸ ಕಪ್ಪು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಎರಡು ಮೂರು ದಿನದೊಳಗೆ ಬನ್ನಿ. ಆಗ ಓಸಿಟಿಯಲ್ಲಿ ನೀರು ಇದೆಯಾ, ಯಾವ ಪದರದಲ್ಲಿದೆ ಅನ್ನುವುದೇ ಅಳತೆ, ಮತ್ತು ಅಲ್ಲಿ ಸ್ಕ್ಯಾನ್ ನಿಜವಾಗಿಯೂ ಪದೇ ಪದೇ ಬೇಕು.

ಎಡಗಣ್ಣಿನ ಬಗ್ಗೆ ನೀವು ಏನೂ ಬರೆದಿಲ್ಲ. ಅದೇ ಈಗ ಮುಖ್ಯ. ಏರೆಡ್ಸ್ ಅನ್ನುವ ಅಮೆರಿಕದ ದೊಡ್ಡ ಅಧ್ಯಯನದವರು ಒಂದು ಸರಳ ಲೆಕ್ಕ ಕೊಟ್ಟಿದ್ದಾರೆ. ಒಂದೊಂದು ಕಣ್ಣಿಗೆ ದೊಡ್ಡ ಡ್ರೂಸೆನ್ ಇದ್ದರೆ 1 ಅಂಕ, ಬಣ್ಣದ ಏರುಪೇರಿಗೆ 1 ಅಂಕ. ಒಂದು ಕಣ್ಣು ಆಗಲೇ ಕೊನೆಯ ಹಂತಕ್ಕೆ, ಅಂದರೆ ಜಿಎಗೋ ವೆಟ್‌ಗೋ, ಹೋಗಿದ್ದರೆ ಆ ಕಣ್ಣಿಗೆ 2 ಅಂಕ. ಎರಡೂ ಕಣ್ಣಿನದನ್ನು ಕೂಡಿಸಿ. 5 ವರ್ಷದಲ್ಲಿ ಕೊನೆಯ ಹಂತ ಬರುವ ಸಂಭವ 0 ಅಂಕಕ್ಕೆ ಶೇ. 0.5, 1ಕ್ಕೆ ಶೇ. 3, 2ಕ್ಕೆ ಶೇ. 12, 3ಕ್ಕೆ ಶೇ. 25, 4ಕ್ಕೆ ಶೇ. 50. ಅಮ್ಮನ ಬಲಗಣ್ಣಿಗೆ ಜಿಎ ಇದೆ ಅಂದರೆ 2 ಆಗಲೇ ಬಂತು. ಎಡಗಣ್ಣಿನಲ್ಲಿ ದೊಡ್ಡ ಡ್ರೂಸೆನ್ ಇದೆಯಾ, ಬಣ್ಣ ಬದಲಾಗಿದೆಯಾ ಅಂತ ಡಾಕ್ಟ್ರನ್ನು ಕೇಳಿ. ಇದು ಅಮೆರಿಕದವರನ್ನು ನೋಡಿ ಮಾಡಿದ ಲೆಕ್ಕ, ನಮ್ಮವರಿಗೆ ಅಕ್ಷರಶಃ ಹಿಡಿಯಬೇಡಿ. ಎಷ್ಟು ಎಚ್ಚರ ಬೇಕು ಅನ್ನುವುದಕ್ಕೆ ಸಾಕು. ಲ್ಯೂಟೀನ್, ಝಿಂಕ್ ಇರುವ ಏರೆಡ್ಸ್-2 ಮಾತ್ರೆ ಬೇಕಾ ಅನ್ನುವುದನ್ನೂ ಇದೇ ಸಲ ಕೇಳಿಬಿಡಿ.

ಪ್ರತಿ ತಿಂಗಳು ಸ್ಕ್ಯಾನ್ ಬೇಡ. ಡ್ರೈ ಕಣ್ಣಿನಲ್ಲಿ ಒಂದು ತಿಂಗಳಲ್ಲಿ ಆಗುವ ಬದಲಾವಣೆ ಮಷಿನ್‌ನ ಏರುಪೇರಿಗಿಂತ ಸಣ್ಣದು, ದುಡ್ಡು ಮತ್ತು ಗಾಬರಿ ಎರಡೂ ದಂಡ. ಆರು ತಿಂಗಳಿಗೊಮ್ಮೆ ಓಸಿಟಿ, ವರ್ಷಕ್ಕೊಮ್ಮೆ ಆಟೋಫ್ಲೋರೆಸೆನ್ಸ್, ಮನೆಯಲ್ಲಿ ಚೌಕುಳಿ ಹಾಳೆ. ನಾನು ನನ್ನವರಿಗೆ ಹೇಳುವುದೂ ಇದೇ.

ಇನ್ನು ನೀವು. ಈ ಕಾಯಿಲೆ ಸಾಮಾನ್ಯವಾಗಿ 50 ದಾಟಿದ ಮೇಲೆ ಬರುವುದು. ಮನೆಯಲ್ಲಿ ಒಬ್ಬರಿಗಿದ್ದರೆ ಮಕ್ಕಳಿಗೆ ಸಂಭವ ಜಾಸ್ತಿ, ಇದಕ್ಕೆ ಸಂಬಂಧಪಟ್ಟ ಒಂದು ಮುಖ್ಯ ಜೀನ್ 2005ರಲ್ಲೇ ಸಿಕ್ಕಿದೆ. ಆದರೆ ಜೀನ್ ಟೆಸ್ಟ್ ಮಾಡಿಸುವ ಅಗತ್ಯ ಇಲ್ಲ. ಸಿಗರೇಟೋ ಬೀಡಿಯೋ ಇದ್ದರೆ ಬಿಡಿ, ನಮ್ಮ ಕೈಯಲ್ಲಿರುವ ಕಾರಣಗಳಲ್ಲಿ ಅದೇ ದೊಡ್ಡದು. ಈಗ ಒಮ್ಮೆ ಡ್ರಾಪ್ಸ್ ಹಾಕಿಸಿ ರೆಟಿನಾ ತೋರಿಸಿ, ಒಂದು ಫೋಟೋ ತೆಗೆಸಿ ಇಟ್ಟುಕೊಳ್ಳಿ. ಮುಂದೆ ಹೋಲಿಸಲು ಬೇಕಾಗುತ್ತದೆ. ಅಮ್ಮನನ್ನು ಕರೆದುಕೊಂಡು ಬರುವ ದಿನವೇ ನೀವೂ ತೋರಿಸುವುದಾದರೆ ಗಾಡಿ ಓಡಿಸಲು ಇನ್ನೊಬ್ಬರನ್ನು ಕರೆತನ್ನಿ. ಡ್ರಾಪ್ಸ್ ಹಾಕಿದ ಮೇಲೆ ಮೂರ್ನಾಲ್ಕು ಗಂಟೆ ನಿಮಗೂ ಬಿಸಿಲಿಗೆ ಕಣ್ಣು ಬಿಡಲಾಗುವುದಿಲ್ಲ.